ಗ್ರಾಫಿಕ್ಸ್ ಕಾರ್ಡೇ ಎಲ್ಲ ಮಾಡುವಾಗ ಕಂಪ್ಯೂಟರ್ ಗ್ರಾಫಿಕ್ಸ್‌ನ ಹಳೇ ಪಾಠಗಳನ್ನು ಯಾಕೆ ಕಲಿಯಬೇಕು?

ನಿಮ್ಮ ಪ್ರಶ್ನೆಯಲ್ಲಿ ಎರಡು ಮಾತುಗಳಿವೆ. ಈ ಸೆಮಿಸ್ಟರ್‌ನಲ್ಲಿ ಗ್ರಾಫಿಕ್ಸ್ ಪೇಪರ್ ಇದೆ, ಗೆರೆ ಎಳೆಯುವ ಬ್ರೆಸೆನ್‌ಹ್ಯಾಮ್ ವಿಧಾನ, ಕಾಣದ ಭಾಗವನ್ನು ಕತ್ತರಿಸುವ ಕ್ಲಿಪ್ಪಿಂಗ್, ಬಿಂದುಗಳನ್ನು ತಿರುಗಿಸಲು ಸರಿಸಲು ಬಳಸುವ ಸಂಖ್ಯೆಗಳ ಕೋಷ್ಟಕ ಅಂದರೆ ಮ್ಯಾಟ್ರಿಕ್ಸ್ ಅಂತ ವಾರಗಟ್ಟಲೆ ನಡೆಯುತ್ತಿದೆ, ಇದನ್ನೆಲ್ಲ ಗ್ರಾಫಿಕ್ಸ್ ಕಾರ್ಡೇ ಮಾಡುವಾಗ ನಾವ್ಯಾಕೆ ಕಲಿಯಬೇಕು ಎನ್ನುವುದು ಒಂದು. ಗಣಿತ ಅಷ್ಟಕ್ಕಷ್ಟೇ, ಹಾಗಾಗಿ ನೇರವಾಗಿ ಗೇಮ್ ಎಂಜಿನ್ (ಗೇಮ್ ಕಟ್ಟಲು ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್) ಹಿಡಿದರೆ ಸಾಲದೇ ಎನ್ನುವುದು ಇನ್ನೊಂದು.

ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಗೇಮ್ ಮಾಡಿ ಮುಗಿಸುವುದಷ್ಟೇ ಗುರಿಯಾದರೆ ಎಂಜಿನ್ ಸಾಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎಂಜಿನ್ ಒಳಗೂ ದೂರದ ಗೋಡೆ ಮಿಣುಕುತ್ತದೆ. ನೆರಳಿನ ಮೇಲೆ ಪಟ್ಟೆ ಬೀಳುತ್ತದೆ. ಒಂದೇ ಕಡೆಗೆ ಹಿಗ್ಗಿಸಿದ ಚೆಂಡಿನ ಮೇಲೆ ಬೆಳಕು ಎಲ್ಲೋ ಬೀಳುತ್ತದೆ. ಆಗ ಯಾವ ಸೆಟ್ಟಿಂಗ್ ಬದಲಿಸಬೇಕು ಎಂದು ಹುಡುಕುವವರೇ ಜಾಸ್ತಿ. ಯಾಕೆ ಹೀಗಾಯಿತು ಎಂದು ಹೇಳಬಲ್ಲವರು ಕಡಿಮೆ. ನಿಮ್ಮ ಕೋರ್ಸ್ ಇರುವುದು ಆ ‘ಯಾಕೆ’ಗಾಗಿ.

ನಾನು ಈ ವಿಷಯವನ್ನು ಮೊದಲ ಸಲ ಬಿಡಿಬಿಡಿಯಾಗಿ ಓದಿದೆ. ಗೆರೆ ಎಳೆಯುವುದು ಒಂದು ಪಾಠ, ತಿರುಗಿಸುವ ಮ್ಯಾಟ್ರಿಕ್ಸ್ ಇನ್ನೊಂದು, ಬೆಳಕು ಮತ್ತೊಂದು. ಎಲ್ಲವನ್ನೂ ಬಾಯಿಪಾಠ ಮಾಡಿ ಬರೆದೆ, ಅಂಕಗಳೂ ಬಂದವು. ಆಮೇಲೆ ಪ್ರಾಜೆಕ್ಟ್‌ಗೆಂದು ಒಂದು ಕ್ಯೂಬ್ ತೋರಿಸಲು ಕೂತೆ. ಪ್ರೋಗ್ರಾಂ ಓಡಿತು. ಯಾವ ಎರರ್ ಕೂಡ ಬರಲಿಲ್ಲ. ಪರದೆ ಮಾತ್ರ ಪೂರ್ತಿ ಕಪ್ಪು. ಮೂರು ದಿನ ಸಾಲುಗಳನ್ನು ಹಿಂದೆ ಮುಂದೆ ಮಾಡಿ ನೋಡಿದೆ, ಏನೂ ಬದಲಾಗಲಿಲ್ಲ.

ಕೊನೆಗೆ ಕಾಗದ ತೆಗೆದುಕೊಂಡು ಕ್ಯೂಬ್‌ನ ಒಂದೇ ಒಂದು ಮೂಲೆಯನ್ನು ಆರಿಸಿದೆ: (1, 1, 1). ಅದನ್ನು ಒಂದೊಂದೇ ಮ್ಯಾಟ್ರಿಕ್ಸ್‌ನಿಂದ ಗುಣಿಸುತ್ತಾ ಹೋದೆ. ಪೂರ್ತಿ ಗುಣಿಸುವ ಮೊದಲೇ ತಪ್ಪು ಸಿಕ್ಕಿತು. ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ಲೈಬ್ರರಿಯ ರೂಢಿಯಲ್ಲಿ ಕ್ಯಾಮೆರಾ, ಆಳ ಅಳೆಯುವ ಝಡ್ ಅಕ್ಷದ ಮೈನಸ್ ದಿಕ್ಕಿಗೆ ನೋಡುತ್ತದೆ. ನಾನು ಕ್ಯೂಬ್ ಇಟ್ಟಿದ್ದು ಪ್ಲಸ್ 5ರಲ್ಲಿ. ಅದು ಕ್ಯಾಮೆರಾದ ಬೆನ್ನ ಹಿಂದೆ ನಿಂತಿತ್ತು. ಮೈನಸ್ 5 ಮಾಡಿದೆ, ಕ್ಯೂಬ್ ಬಂತು.

ಅವತ್ತಿನಿಂದ ಈ ಕೋರ್ಸ್ ನನಗೆ ಬಿಡಿ ಪಾಠಗಳಾಗಿ ಕಾಣಲಿಲ್ಲ. ಒಂದು ಬಿಂದು ತನ್ನ ಜಾಗದಿಂದ ಹೊರಟು ಪರದೆಯ ಮೇಲೆ ಒಂದು ಪಿಕ್ಸೆಲ್‌ನ ಬಣ್ಣವಾಗುವವರೆಗಿನ ದಾರಿ, ಅಷ್ಟೇ ಇಲ್ಲಿರುವುದು. ನಿಮಗೂ ನಾನು ಹೇಳುವುದು ಇದನ್ನೇ. ಒಂದು ಬಿಂದುವನ್ನು ಹಿಡಿದುಕೊಳ್ಳಿ, ಪಿಕ್ಸೆಲ್ ಸಿಗುವವರೆಗೆ ಕೈ ಬಿಡಬೇಡಿ.

ಹೊರಡುವಾಗ ಬಿಂದು ವಸ್ತುವಿನ ಲೆಕ್ಕದಲ್ಲಿರುತ್ತದೆ. ಅದನ್ನು ದೃಶ್ಯದ ಲೆಕ್ಕಕ್ಕೆ ತರಬೇಕು, ಆಮೇಲೆ ಕ್ಯಾಮೆರಾದ ಲೆಕ್ಕಕ್ಕೆ. ಇಲ್ಲಿ ಎಲ್ಲರೂ ಎಡವುವುದು ಕ್ರಮದಲ್ಲಿ. (1, 0) ಬಿಂದುವನ್ನು 90 ಡಿಗ್ರಿ ಎಡಕ್ಕೆ ತಿರುಗಿಸಿ, ಆಮೇಲೆ 5 ಹೆಜ್ಜೆ ಬಲಕ್ಕೆ ಸರಿಸಿ: (5, 1) ಸಿಗುತ್ತದೆ. ಮೊದಲು ಸರಿಸಿ ಆಮೇಲೆ ತಿರುಗಿಸಿದರೆ (0, 6). ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಹಿಂದೆ ಮುಂದೆ ಮಾಡಿದರೆ ಉತ್ತರ ಬದಲಾಗುತ್ತದೆ ಎಂಬ ನಿಯಮ ಬಾಯಿಪಾಠಕ್ಕೆ ಬೇಗ ಬರುತ್ತದೆ. ಈ ಎರಡು ಉತ್ತರಗಳನ್ನು ಕೈಯಲ್ಲಿ ಮಾಡಿ ನೋಡಿದವರಿಗೆ ಅದು ಮರೆಯುವುದಿಲ್ಲ.

ಇನ್ನು ಪರ್ಸ್ಪೆಕ್ಟಿವ್, ಅಂದರೆ ದೂರದ್ದು ಚಿಕ್ಕದಾಗಿ ಕಾಣುವುದು. ಇಡೀ ಕೋರ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ನಿಮ್ಮ ಕಣ್ಣಿನಿಂದ 1 ಮೀಟರ್ ದೂರದಲ್ಲಿ ಒಂದು ಗಾಜು ಇದೆ ಅಂದುಕೊಳ್ಳಿ. 4 ಮೀಟರ್ ದೂರದಲ್ಲಿ 2 ಮೀಟರ್ ಎತ್ತರದ ಕಂಬ. ಗಾಜಿನ ಮೇಲೆ ಆ ಕಂಬದ ಎತ್ತರ ಎಷ್ಟು? 2ನ್ನು 4ರಿಂದ ಭಾಗಿಸಿ, 0.5. ಅದೇ ಕಂಬ 8 ಮೀಟರ್ ದೂರ ಹೋದರೆ 0.25. ಹೈಸ್ಕೂಲಿನ ಸಮರೂಪ ತ್ರಿಭುಜ ಇಷ್ಟೇ. ದೂರದ್ದು ಚಿಕ್ಕದಾಗಿ ಕಾಣುವುದರ ಗುಟ್ಟೆಲ್ಲ ಒಂದು ಭಾಗಾಕಾರದಲ್ಲಿದೆ.

ತೊಡಕು ಏನೆಂದರೆ, ಮ್ಯಾಟ್ರಿಕ್ಸ್‌ಗೆ ಕೂಡಲು ಗುಣಿಸಲು ಬರುತ್ತದೆ, ಬಿಂದುವಿನ ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಲು ಬರುವುದಿಲ್ಲ. ಮೂರು ಸಾಲಿನ ಮ್ಯಾಟ್ರಿಕ್ಸ್‌ಗೆ ಬಿಂದುವನ್ನು ಸರಿಸಲೂ ಬರುವುದಿಲ್ಲ. (0, 0, 0) ಅನ್ನು ಏನು ಮಾಡಿ ಗುಣಿಸಿದರೂ ಸೊನ್ನೆಯೇ. ಎರಡಕ್ಕೂ ಮದ್ದು ಒಂದೇ, ನಾಲ್ಕನೇ ಸಂಖ್ಯೆ. ಅದೇ ಡಬ್ಲ್ಯೂ. ಬಿಂದುವಿಗೆ ಡಬ್ಲ್ಯೂ 1, ದಿಕ್ಕಿಗೆ 0. ಅದು 1 ಇದ್ದಾಗ ಸರಿಸುವ ಅಳತೆ ಬಂದು ಸೇರಿಕೊಳ್ಳುತ್ತದೆ, 0 ಇದ್ದಾಗ ಸೇರುವುದಿಲ್ಲ. ದಿಕ್ಕನ್ನು ಎಲ್ಲಿಗೆ ಎತ್ತಿಟ್ಟರೂ ಅದೇ ದಿಕ್ಕು ತಾನೆ? ಪರ್ಸ್ಪೆಕ್ಟಿವ್ ಮ್ಯಾಟ್ರಿಕ್ಸ್ ಮಾಡುವ ಕೆಲಸವೂ ಸರಳ. ಬಿಂದು ಎಷ್ಟು ದೂರದಲ್ಲಿದೆ ಎನ್ನುವುದನ್ನು ಡಬ್ಲ್ಯೂ ಜಾಗಕ್ಕೆ ತಂದಿಡುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಡಬ್ಲ್ಯೂನಿಂದ ಭಾಗಿಸುತ್ತೇವೆ, ಕಂಬ ಚಿಕ್ಕದಾಗುತ್ತದೆ. ಈ ನಾಲ್ಕನೇ ಸಂಖ್ಯೆಯ ಉಪಾಯವನ್ನು ಮೋಬಿಯಸ್ ಎಂಬ ಗಣಿತಜ್ಞ 1827ರಲ್ಲೇ ಬರೆದಿದ್ದರು. ಆಗ ಪರದೆಯೂ ಇರಲಿಲ್ಲ, ಪಿಕ್ಸೆಲ್ಲೂ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಕ್ಲಿಪ್ಪಿಂಗ್ ಯಾಕೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಬೆನ್ನ ಹಿಂದಿರುವ ಬಿಂದುವಿನ ದೂರ ಮೈನಸ್. ಅದರಿಂದ ಭಾಗಿಸಿದರೆ ಚಿತ್ರ ತಲೆಕೆಳಗಾಗಿ ಪರದೆ ಮೇಲೆ ಬಂದುಬಿಡುತ್ತದೆ. ದೂರ ಸೊನ್ನೆಯಾದರಂತೂ ಭಾಗಿಸಲೇ ಆಗುವುದಿಲ್ಲ. ಹಾಗಾಗಿ ಭಾಗಿಸುವ ಮೊದಲೇ ಕತ್ತರಿಸಬೇಕು. ಇದು ತಿಳಿದರೆ ಸಾಕು, ಉಳಿದದ್ದು ಪರೀಕ್ಷೆಗೆ ಅಭ್ಯಾಸ ಮಾಡಿದರೆ ಬರುತ್ತದೆ.

ಈಗ ನೀವು ಬೇಸರಪಟ್ಟುಕೊಂಡ ಬ್ರೆಸೆನ್‌ಹ್ಯಾಮ್. ಜ್ಯಾಕ್ ಬ್ರೆಸೆನ್‌ಹ್ಯಾಮ್ ಐಬಿಎಂನಲ್ಲಿದ್ದಾಗ, 1962ರಲ್ಲಿ, ಕಾಗದದ ಮೇಲೆ ಪೆನ್ನು ಓಡಿಸುವ ಪ್ಲಾಟರ್‌ಗಾಗಿ ಇದನ್ನು ಬರೆದರು. 1965ರಲ್ಲಿ ಪ್ರಕಟವಾಯಿತು. ಸೂತ್ರ ನೋಡುವುದನ್ನು ಬಿಟ್ಟು ಒಂದು ಗೆರೆ ಎಳೆಯೋಣ, (0, 0)ದಿಂದ (7, 3)ಕ್ಕೆ. ಅಡ್ಡಕ್ಕೆ 7, ಮೇಲಕ್ಕೆ 3. ಮೊದಲ ಸಂಖ್ಯೆ 3ರ ಎರಡರಷ್ಟರಲ್ಲಿ 7 ಕಳೆದರೆ −1. ಸಂಖ್ಯೆ ಮೈನಸ್ ಇದ್ದರೆ ಅದೇ ಸಾಲಿನಲ್ಲಿ ಮುಂದಕ್ಕೆ ಹೋಗಿ 6 (3ರ ಎರಡರಷ್ಟು) ಕೂಡಿ. ಇಲ್ಲದಿದ್ದರೆ ಮುಂದಕ್ಕೆ ಹೋಗುವುದರ ಜೊತೆಗೆ ಒಂದು ಸಾಲು ಮೇಲೇರಿ 8 (7ರಲ್ಲಿ 3 ಕಳೆದು ಅದರ ಎರಡರಷ್ಟು) ಕಳೆಯಿರಿ. ಸಂಖ್ಯೆಗಳು ಹೀಗೆ ಬರುತ್ತವೆ: −1, 5, −3, 3, −5, 1, −7. ಪಿಕ್ಸೆಲ್‌ಗಳ ಎತ್ತರ 0, 0, 1, 1, 2, 2, 3, 3. ಗೆರೆ ಮುಗಿಯಿತು. ಒಂದು ಭಾಗಾಕಾರವಿಲ್ಲ, ಒಂದು ದಶಮಾಂಶವಿಲ್ಲ.

ಆ ಸಂಖ್ಯೆ ಏನು ಗೊತ್ತಾ? ನಿಜವಾದ ಗೆರೆಯಿಂದ ನಾವು ಎಷ್ಟು ತಪ್ಪಿದ್ದೇವೆ ಎನ್ನುವುದರ ಬಾಕಿ. ಪ್ರತಿ ಹೆಜ್ಜೆಯಲ್ಲೂ ಹೊಸದಾಗಿ ಲೆಕ್ಕ ಹಾಕುವ ಬದಲು ಹಿಂದಿನ ಬಾಕಿಯನ್ನು ಮುಂದಕ್ಕೆ ತರುತ್ತೇವೆ. ವಸ್ತುವಿನ ಮೇಲ್ಮೈಯನ್ನು ಚಿಕ್ಕ ಚಿಕ್ಕ ತ್ರಿಭುಜಗಳಾಗಿ ಒಡೆದು ಬರೆಯುತ್ತಾರೆ, ಆ ತ್ರಿಭುಜ ತುಂಬಿಸುವಾಗಲೂ ಈ ಬುದ್ಧಿಯೇ ಕೆಲಸಕ್ಕೆ ಬರುತ್ತದೆ. ಪಿಕ್ಸೆಲ್ ಒಂದು ಅಂಚಿನ ಒಳಗಿದೆಯೋ ಹೊರಗಿದೆಯೋ ಎಂದು ಹೇಳುವ ಸಂಖ್ಯೆ, ಪಕ್ಕದ ಪಿಕ್ಸೆಲ್‌ಗೆ ಹೋದಾಗ ಒಂದೇ ಅಳತೆಯಷ್ಟು ಬದಲಾಗುತ್ತದೆ. ಸುಮ್ನೆ ಕೂಡುತ್ತಾ ಹೋದರಾಯಿತು. 1920×1080 ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಸೆಕೆಂಡಿಗೆ 60 ಸಲ ಬರೆಯಬೇಕಾದರೆ 12 ಕೋಟಿ ದಾಟುತ್ತದೆ. ಅಷ್ಟು ಜಾಗದಲ್ಲಿ ಒಂದು ಗುಣಾಕಾರ ಉಳಿಸುವುದು ಚಿಕ್ಕ ಮಾತಲ್ಲ.

ಎರಡು ತ್ರಿಭುಜ ಒಂದೇ ಪಿಕ್ಸೆಲ್ ಕೇಳಿದರೆ ಯಾರಿಗೆ ಕೊಡುವುದು? ಹಿಂದಿನದನ್ನು ಮೊದಲು ಬರೆದು ಮುಂದಿನದನ್ನು ಅದರ ಮೇಲೆ ಬರೆದರೆ ಸಾಕು ಅನ್ನಿಸುತ್ತದೆ. ಆದರೆ ಮೂರು ಪಟ್ಟಿಗಳು ಒಂದರ ಮೇಲೊಂದು ಸುತ್ತಿಕೊಂಡಿದ್ದರೆ ಯಾವುದೂ ಪೂರ್ತಿ ಹಿಂದೆ ಇರುವುದಿಲ್ಲ, ಅಲ್ವಾ? 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್ಮಲ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಝಡ್ ಬಫರ್ ವಿವರಿಸಿದರು. ಪ್ರತಿ ಪಿಕ್ಸೆಲ್‌ಗೂ ಇದುವರೆಗೆ ಬಂದದ್ದರಲ್ಲಿ ಹತ್ತಿರದ ದೂರವನ್ನು ಬರೆದಿಟ್ಟುಕೊಳ್ಳಿ, ಅದಕ್ಕಿಂತ ಹತ್ತಿರದ್ದು ಬಂದರೆ ಮಾತ್ರ ಬದಲಿಸಿ. ಅಷ್ಟೇ. ಮುಂದೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ, 2019ರದ್ದು, ಇನ್ನೊಬ್ಬ ಗ್ರಾಫಿಕ್ಸ್ ಸಂಶೋಧಕ ಪ್ಯಾಟ್ ಹ್ಯಾನ್ರಹನ್ ಜೊತೆ ಕ್ಯಾಟ್ಮಲ್ ಅವರಿಗೆ ಬಂತು.

ದೂರದ ಗೋಡೆ ಮಿಣುಕುವುದು ಇದೇ ಬಫರ್‌ನಿಂದ. ಕ್ಯಾಮೆರಾದ ಹತ್ತಿರದ ಮಿತಿ 0.1, ದೂರದ ಮಿತಿ 1000 ಎಂದು ಇಟ್ಟಿದ್ದೀರಿ ಅನ್ನಿ. ದೂರದಿಂದ ಭಾಗಿಸಿದ್ದೇವಲ್ಲ, ಅದರಿಂದಾಗಿ ಬಫರ್‌ನಲ್ಲಿ ಬರೆಯಬಹುದಾದ ಸಂಖ್ಯೆಗಳಲ್ಲಿ ಅರ್ಧದಷ್ಟು 0.1ರಿಂದ 0.2ರ ನಡುವೆಯೇ ಖರ್ಚಾಗುತ್ತವೆ. 1 ತಲುಪುವಷ್ಟರಲ್ಲಿ ಶೇಕಡಾ 90 ಮುಗಿದಿರುತ್ತದೆ. ಉಳಿದ 999 ಅಳತೆಗೆ ಬರೀ ಶೇಕಡಾ 10. ದೂರದ ಎರಡು ಗೋಡೆಗಳಿಗೆ ಒಂದೇ ಸಂಖ್ಯೆ ಬಿದ್ದು ಕಿತ್ತಾಡುತ್ತವೆ. ಹತ್ತಿರದ ಮಿತಿಯನ್ನು 1 ಮಾಡಿ ನೋಡಿ. ದೂರದ ಮಿತಿ ಇಳಿಸುವುದರಿಂದ ಅಷ್ಟು ಪ್ರಯೋಜನವಿಲ್ಲ. ಎಂಜಿನ್ ಬಳಸುವವರಿಗೂ ಇದು ಪ್ರತಿದಿನ ಬೇಕಾಗುವ ಮಾತು.

ಬೆಳಕಿಗೆ ಬಂದರೆ, ನಿಮ್ಮ ಗಣಿತದ ಭಯಕ್ಕೆ ಇಲ್ಲೇ ಉತ್ತರ ಕೊಡಬಹುದು. ಇಡೀ ಮೂಲ ಕೋರ್ಸ್‌ಗೆ ಬೇಕಾದದ್ದು ಸಮರೂಪ ತ್ರಿಭುಜ, ಮ್ಯಾಟ್ರಿಕ್ಸ್ ಗುಣಾಕಾರ, ವೆಕ್ಟರ್‌ಗಳ ಡಾಟ್ ಮತ್ತು ಕ್ರಾಸ್ ಗುಣಲಬ್ಧ. ಡಾಟ್ ಒಂದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರೆ ಅರ್ಧ ದಾರಿ ದಾಟಿದಂತೆ. ಮೇಲ್ಮೈಗೆ ನೆಟ್ಟಗೆ ನಿಂತ ದಿಕ್ಕು ನಾರ್ಮಲ್. ಬೆಳಕು ಬರುವ ದಿಕ್ಕು ಇನ್ನೊಂದು. ಎರಡರ ಉದ್ದವೂ 1 ಇದ್ದರೆ ಅವುಗಳ ಡಾಟ್ ಅಂದರೆ ನಡುವಿನ ಕೋನದ ಕೊಸೈನ್. 0 ಡಿಗ್ರಿಯಲ್ಲಿ ಪೂರ್ತಿ ಬೆಳಕು, 60 ಡಿಗ್ರಿಯಲ್ಲಿ ಅರ್ಧ, 90ರಲ್ಲಿ ಸೊನ್ನೆ. ಲ್ಯಾಂಬರ್ಟ್ ಎಂಬ ವಿಜ್ಞಾನಿ 1760ರಲ್ಲಿ ಹೇಳಿದ ನಿಯಮ ಇದು. ಹಿಗ್ಗಿಸಿದ ಚೆಂಡಿನ ತೊಂದರೆಯೂ ನಾರ್ಮಲ್‌ನದ್ದೇ. ಚೆಂಡನ್ನು ಒಂದೇ ಕಡೆಗೆ ಹಿಗ್ಗಿಸುವ ಮ್ಯಾಟ್ರಿಕ್ಸ್‌ನಿಂದ ನಾರ್ಮಲ್ ಅನ್ನೂ ಗುಣಿಸಿದರೆ ಅದು ಮೇಲ್ಮೈಗೆ ನೆಟ್ಟಗೆ ಉಳಿಯುವುದಿಲ್ಲ. ಅದಕ್ಕೆ ಮ್ಯಾಟ್ರಿಕ್ಸ್‌ನ ಇನ್ವರ್ಸ್ (ಮಾಡಿದ್ದನ್ನು ಹಿಂದಿರುಗಿಸುವ ಮ್ಯಾಟ್ರಿಕ್ಸ್) ತೆಗೆದು, ಟ್ರಾನ್ಸ್‌ಪೋಸ್ ಮಾಡಿ (ಅಡ್ಡ ಸಾಲುಗಳನ್ನು ಉದ್ದ ಸಾಲುಗಳಾಗಿಸಿ) ಬಳಸಬೇಕು.

ತ್ರಿಭುಜಗಳ ಮೇಲ್ಮೈ ನುಣುಪಾಗಿ ಕಾಣುವಂತೆ ಬೆಳಕು ಹಂಚುವ ಗೂರೋ ಶೇಡಿಂಗ್ 1971ರದ್ದು, ಹೊಳಪನ್ನೂ ಲೆಕ್ಕಕ್ಕೆ ತಂದ ಫಾಂಗ್ ಅವರ ಪ್ರಬಂಧ 1973ರದ್ದು. ಅವೂ ಯೂಟಾದಲ್ಲೇ ಹುಟ್ಟಿದವು. ನಿಮ್ಮ ಪಠ್ಯದಲ್ಲಿರುವ ಎಷ್ಟೋ ಹೆಸರುಗಳು ಆಗ ವಿದ್ಯಾರ್ಥಿಗಳಾಗಿದ್ದವರ ಹೆಸರುಗಳು.

ಪಠ್ಯದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಒಂದು ಮಾತಿದೆ, ಅದನ್ನು ನೀವೇ ಕಲಿಯಿರಿ: ಗಾಮಾ, ಅಂದರೆ ಫೈಲ್‌ನಲ್ಲಿರುವ ಸಂಖ್ಯೆಗೂ ಪರದೆ ಕೊಡುವ ಬೆಳಕಿಗೂ ಇರುವ ನಂಟು. ಚಿತ್ರದ ಫೈಲ್‌ನಲ್ಲಿ, 0ಯಿಂದ 255ರವರೆಗಿನ ಅಳತೆಯಲ್ಲಿ, 128 ಎಂದು ಬರೆದರೆ ಪರದೆ ಅರ್ಧ ಬೆಳಕು ಕೊಡುತ್ತದೆ ಎಂದು ನಾನು ತುಂಬಾ ಕಾಲ ನಂಬಿದ್ದೆ. ಈಗ ಎಲ್ಲೆಡೆ ಇರುವ ಎಸ್‌ಆರ್‌ಜಿಬಿ ಎಂಬ ಬಣ್ಣ ಬರೆಯುವ ಪದ್ಧತಿಯಲ್ಲಿ 128 ಕೊಡುವುದು 255ರ ಬೆಳಕಿನ ಸುಮಾರು ಶೇಕಡಾ 22 ಮಾತ್ರ. ಅರ್ಧ ಬೆಳಕು ಬೇಕಾದರೆ 188 ಬರೆಯಬೇಕು. ಇದನ್ನು ಮರೆತು ಬೆಳಕುಗಳನ್ನು ಕೂಡಿದರೆ ಎರಡು ದೀಪ ಸೇರುವ ಜಾಗ ಸುಟ್ಟಂತೆ ಬಿಳುಪಾಗುತ್ತದೆ, ನೆರಳಿನ ಅಂಚು ಥಟ್ಟನೆ ಕಪ್ಪಾಗುತ್ತದೆ. ಲೆಕ್ಕವೆಲ್ಲ ನಿಜವಾದ ಬೆಳಕಿನಲ್ಲಿ ಮಾಡಿ, ಫೈಲ್‌ಗೆ ಬರೆಯುವಾಗ ಮಾತ್ರ ಬದಲಿಸಿ.

ಲ್ಯಾಬ್‌ನಲ್ಲಿ ಹಳೇ ಓಪನ್‌ಜಿಎಲ್ ಇದ್ದರೆ ಬೇಜಾರು ಬೇಡ. ಬಿಗಿನ್, ಎಂಡ್ ಎಂಬ ಆದೇಶಗಳ ನಡುವೆ ಬಿಂದುಗಳನ್ನು ಕೊಡುವ ಆ ಶೈಲಿ 1992ರದ್ದು, 2008ರಲ್ಲೇ ಅದನ್ನು ಹಳೆಯದೆಂದು ಘೋಷಿಸಲಾಯಿತು. ಲ್ಯಾಬ್‌ಗೆ ಅದನ್ನು ಬರೆಯಿರಿ. ಮನೆಯಲ್ಲಿ ಮಾತ್ರ ಯಾವ ಗ್ರಾಫಿಕ್ಸ್ ಲೈಬ್ರರಿಯೂ ಇಲ್ಲದೆ ಒಂದು ಪುಟ್ಟ ರೆಂಡರರ್ (ಲೆಕ್ಕದಿಂದ ಚಿತ್ರ ಮಾಡುವ ಪ್ರೋಗ್ರಾಂ) ಬರೆಯಿರಿ ಎನ್ನುತ್ತೇನೆ. ಪಿಪಿಎಂ ಎಂಬ ಚಿತ್ರದ ಫೈಲ್ ಬರೀ ಅಕ್ಷರ ಮತ್ತು ಅಂಕಿ. ಮೊದಲ ಸಾಲಿನಲ್ಲಿ ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ಅದಕ್ಕೆ ಅಂಟಿಕೊಂಡು 3. ಆಮೇಲೆ ಅಗಲ, ಎತ್ತರ, 255. ಉಳಿದದ್ದು ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆ. ಸಾಮಾನ್ಯ ಪ್ರಿಂಟ್ ಆದೇಶದಿಂದಲೇ ಬರೆಯಬಹುದು. ಮೊದಲ ವಾರ ಒಂದು ಗೆರೆ. ಆಮೇಲೆ ಒಂದು ತ್ರಿಭುಜ. ಆಮೇಲೆ ತಿರುಗುವ ಕ್ಯೂಬ್, ಝಡ್ ಬಫರ್, ಒಂದು ದೀಪ. ನೀವು ಬರೆದ ಗುಣಾಕಾರದಿಂದಲೇ ಕ್ಯೂಬ್‌ನ ಮೂರು ಮುಖಗಳು ಮೂರು ಬಗೆಯ ಬೂದು ಬಣ್ಣದಲ್ಲಿ ಎದ್ದು ನಿಂತಾಗ ಆಗುವ ಸಂತೋಷ ನಿಮಗೂ ಸಿಗಲಿ ಎಂದೇ ಇಷ್ಟು ಬರೆದೆ.

ಅದಾದ ಮೇಲೂ ಸಮಯ ಉಳಿದರೆ ರೇ ಟ್ರೇಸಿಂಗ್‌ನಲ್ಲಿ ಒಂದು ಗೋಳ ಬರೆದು ನೋಡಿ. ಕಣ್ಣಿನಿಂದ ಪ್ರತಿ ಪಿಕ್ಸೆಲ್ ಮೂಲಕ ಒಂದು ಕಿರಣ ಕಳಿಸಿ. ಗೋಳಕ್ಕೆ ಬಡಿಯುತ್ತದೆಯೇ ಎನ್ನುವುದು ಒಂದು ವರ್ಗ ಸಮೀಕರಣ, ಅಷ್ಟೇ. ಬಡಿದ ಜಾಗದಿಂದ ದೀಪದ ಕಡೆಗೆ ಇನ್ನೊಂದು ಕಿರಣ ಕಳಿಸಿದರೆ ನೆರಳು. ಮೊದಲ ಸಲ ಗೋಳದ ತುಂಬಾ ಕಪ್ಪು ಚುಕ್ಕೆಗಳು ಬರುತ್ತವೆ. ನಿಮ್ಮ ಸಮೀಕರಣ ತಪ್ಪಲ್ಲ. ದಶಮಾಂಶದ ಸಣ್ಣ ವ್ಯತ್ಯಾಸದಿಂದ ಕಿರಣ ಹೊರಟ ಮೇಲ್ಮೈಗೇ ಮತ್ತೆ ಬಡಿಯುತ್ತಿರುತ್ತದೆ. ಹೊರಡುವ ಜಾಗವನ್ನು ನಾರ್ಮಲ್ ಕಡೆಗೆ 0.001ರಷ್ಟು ಎತ್ತಿ, ಚುಕ್ಕೆಗಳು ಹೋಗುತ್ತವೆ.