ಮಗುವಿನ ಹೆಸರು ಬದಲಾಯಿಸಲು ಏನು ಮಾಡಬೇಕು? ದೊಡ್ಡವರದ್ದಾದರೆ?

ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡಿ. ಹೆಸರಿನ ಜಾಗ ಖಾಲಿಯಿದ್ದರೆ ಅದು ಬದಲಾವಣೆಯಲ್ಲ, ಸೇರ್ಪಡೆ ಅಷ್ಟೇ. ನೋಂದಣಿಯಾಗಿ 12 ತಿಂಗಳೊಳಗೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಈಗಾಗಲೇ ಒಂದು ಹೆಸರು ಬರೆಸಿ, ಜಾತಕ ನೋಡಿಯೋ ಅಜ್ಜಿಯ ಹಟಕ್ಕೋ ಬೇರೆ ಇಡಬೇಕೆಂದರೆ ಸ್ವಲ್ಪ ಕಷ್ಟ, ಏಕೆಂದರೆ 1969ರ ಜನನ ಮರಣ ನೋಂದಣಿ ಕಾಯ್ದೆ ತಪ್ಪು ತಿದ್ದುಪಡಿಯ ಬಗ್ಗೆ ಹೇಳುತ್ತದೆ, ಮನಸ್ಸು ಬದಲಾದದ್ದರ ಬಗ್ಗೆ ಅಲ್ಲ. ಆದರೆ 2025ರಲ್ಲಿ ಕರ್ನಾಟಕ ಹೈಕೋರ್ಟ್ ದಾರಿ ತೋರಿಸಿದೆ: ತಂದೆ ತಾಯಿ ಅಫಿಡವಿಟ್ ಕೊಟ್ಟರೆ ನೋಂದಣಾಧಿಕಾರಿ ಪರಿಶೀಲಿಸಿ, ಹಳೆಯದು ಹೊಸದು ಎರಡೂ ಹೆಸರನ್ನು ದಾಖಲಿಸಬೇಕು.

ದೊಡ್ಡವರಿಗೆ ರೂಢಿಯ ದಾರಿ: ನೋಟರಿ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಜಾಹೀರಾತು, ಬೇಕಾದರೆ ಗೆಜೆಟ್ ಪ್ರಕಟಣೆ. ಪತ್ರಿಕೆಯ ಪೂರ್ತಿ ಪುಟ ಎತ್ತಿಡಿ, ಕತ್ತರಿಸಿದ ತುಂಡು ಸಾಲದು ಎನ್ನುವವರಿದ್ದಾರೆ. ಇನಿಷಿಯಲ್ ಬಗ್ಗೆ ಎಚ್ಚರ. ‘ಎಚ್. ಮಂಜುನಾಥ’, ‘ಮಂಜುನಾಥ ಎಚ್.’ ನಮಗೆ ಒಬ್ಬನೇ, ಕಂಪ್ಯೂಟರಿಗೆ ಇಬ್ಬರು. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ. ಹಾಗಾಗಿ ಕಾಗುಣಿತ ಪಕ್ಕಾ ಆಗದೆ ಅಲ್ಲಿಗೆ ಹೋಗಬೇಡಿ.