ನೋವಿರುವ ಬೆರಳು ಮನೆಯಲ್ಲಿರಲಿ, ನೋವಿಲ್ಲದ ಬೆರಳು ದವಾಖಾನೆಗೆ ಹೋಗಲಿ

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮಸ್ಕಾರ. ನಮ್ಮದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ನನಗೆ 34 ವರ್ಷ. ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು. ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ಕಲ್ಲಿನ ಹೊಸ್ತಿಲಿಗೆ ಎಡಗಾಲು ಜೋರಾಗಿ ಬಡಿಯಿತು. ಕಿರುಬೆರಳಿನ ಪಕ್ಕದ ಬೆರಳು ಊದಿಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಚರ್ಮ ಹರಿದಿಲ್ಲ, ರಕ್ತ ಬಂದಿಲ್ಲ. ಬೆರಳು ನೆಟ್ಟಗೇ ಇದೆ. ಹಿಮ್ಮಡಿ ಊರಿ ನಡೆದಾಡುತ್ತೇನೆ. ಬೆರಳು ಅಲ್ಲಾಡಿಸಲು ಬರುತ್ತದೆ, ಹಾಗಾಗಿ ಎಲುಬು ಮುರಿದಿಲ್ಲ ಅಂತ ನಮ್ಮ ಮನೆಯವರು ಹೇಳುತ್ತಾರೆ. ಪಕ್ಕದ ಊರಲ್ಲಿ ಎಣ್ಣೆ ಹಚ್ಚಿ, ಬೆರಳು ಎಳೆದು ಎಲುಬು ಕೂಡಿಸುವವರಿದ್ದಾರೆ, ಅಲ್ಲಿಗೆ ಹೋಗೋಣ ಅಂತಾರೆ ಅತ್ತೆ. ಎಕ್ಸ್‌ರೇ ತೆಗೆಸಬೇಕು ಅಂದ್ರೆ ಒಂದು ದಿನದ ಕೆಲಸ ಬಿಟ್ಟು ಜಮಖಂಡಿಗೆ ಹೋಗಬೇಕು. ಹೋಗಲೇಬೇಕಾ, ಮನೆಯಲ್ಲೇ ನೋಡಿಕೊಳ್ಳಬಹುದಾ?

ಇನ್ನೊಂದು ಮಾತು. ಅತ್ತೆಗೆ 62 ವರ್ಷ, ಬಹಳ ವರ್ಷಗಳಿಂದ ಶುಗರ್ ಇದೆ. ಅವರ ಬಲಗಾಲಿನ ಹೆಬ್ಬೆರಳ ತುದಿಯಲ್ಲಿ ಒಂದು ಸಣ್ಣ ಗಾಯ ಆಗಿ ವಾರವಾಯಿತು. ಯಾವಾಗ ತಾಗಿತು ಅಂತ ಅವರಿಗೇ ಗೊತ್ತಿಲ್ಲ. ನೋವಿಲ್ಲ ಅಂತ ಅರಿಶಿನ ಹಚ್ಚಿಕೊಂಡು ಬರಿಗಾಲಲ್ಲೇ ಗುಡಿಗೆ ಹೋಗಿ ಬರುತ್ತಾರೆ. ಅದಕ್ಕೂ ಹಚ್ಚಲು ಏನಾದರೂ ಹೇಳಿ.

ಉತ್ತರ: ತಂಗಿ, ನೀವು ಕೊನೆಗೆ ಬರೆದದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಜಮಖಂಡಿಗೆ ಹೋಗಬೇಕಾದದ್ದು ನಿಮ್ಮ ಅತ್ತೆ. ಇವತ್ತು ಆಗದಿದ್ದರೆ ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ಸಂತೆ ದಿನ ಹೇಗೂ ಹೋಗ್ತೀವಲ್ಲ, ಆಗ ತೋರಿಸಿದರಾಯ್ತು ಅಂತ ಮುಂದೂಡಬೇಡಿ.

ಸುಮ್ನೆ ಹೆದರಿಸಲು ಈ ಮಾತು ಹೇಳುತ್ತಿಲ್ಲ. ಹೆಬ್ಬೆರಳಿಗೆ ಗಾಯವಾಗಿದೆ, ಆದದ್ದು ಗೊತ್ತೇ ಆಗಿಲ್ಲ, ವಾರವಾದರೂ ಮಾಯ್ದಿಲ್ಲ, ನೋವೂ ಇಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ನಾಲ್ಕೂ ಒಟ್ಟಿಗೆ ಬಂದರೆ ಕಾಲಿನ ನರಗಳು ಸೋತಿರುವ ಸಾಧ್ಯತೆ ಬಹಳ. ನರ ಸೋತ ಮೇಲೆ ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ಗೊತ್ತಾಗುವುದಿಲ್ಲ. ಗೊತ್ತಾಗದ ಗಾಯದ ಮೇಲೆಯೇ ಮತ್ತೆ ಮತ್ತೆ ಭಾರ ಬೀಳುತ್ತದೆ. ಜೊತೆಗೆ ಕಾಲಿಗೆ ರಕ್ತ ಹರಿಯುವುದೂ ಕಡಿಮೆಯಾಗಿದ್ದರೆ ಗಾಯ ಮಾಯುವುದಿಲ್ಲ. ಮೇಲೆ ಕಡಲೆ ಕಾಳಿನಷ್ಟು ಕಾಣುವ ಗಾಯ ಒಳಗೆ ಎಲುಬಿನ ತನಕ ಹೋಗಿರಬಹುದು. ಬೆರಳು ಕಳೆದುಕೊಂಡವರಲ್ಲಿ ಎಷ್ಟೋ ಜನ ಮೊದಲು ಹೇಳಿದ್ದು ಇದೇ ಮಾತು: ‘ನೋವಿರಲಿಲ್ರೀ, ಅದಕ್ಕೇ ಬರಲಿಲ್ಲ.’

ಮನೆಯಲ್ಲೇ ಮಾಡಬಹುದಾದ ಒಂದು ಸುಲಭದ ಪರೀಕ್ಷೆ ಇದೆ. ಅತ್ತೆಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಬೆರಳು. ಒಂದೊಂದರ ತುದಿಗೂ ನಿಮ್ಮ ತೋರುಬೆರಳನ್ನು ಒಂದೆರಡು ಸೆಕೆಂಡು ಹಗುರಾಗಿ ತಾಗಿಸಿ. ಒತ್ತಬೇಡಿ, ತಟ್ಟಬೇಡಿ, ಕಚಗುಳಿ ಇಡಬೇಡಿ. ಗಾಯ ಇರುವ ತುದಿಗೆ ಕೈ ಹಚ್ಚದೆ ಪಕ್ಕದಲ್ಲಿ ಮುಟ್ಟಿ. ಯಾವ ಕಾಲು ಮುಟ್ಟಿದೆ ಅಂತ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ಬೆರಳಲ್ಲಿ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ. ಆರೂ ಸರಿ ಹೇಳಿದರೂ ಅವರನ್ನು ಕರೆದುಕೊಂಡು ಹೋಗಲೇಬೇಕು, ಯಾಕೆಂದರೆ ಗಾಯ ಆಗಲೇ ಇದೆ.

ಹೋಗುವ ತನಕ ಅರಿಶಿನ, ಸುಣ್ಣ, ಬೂದಿ, ಕಾಫಿಪುಡಿ ಏನೂ ಬೇಡ. ಈಗ ಹಚ್ಚಿರುವುದನ್ನು ಹರಿಯುವ ನೀರಲ್ಲಿ ಮೆಲ್ಲಗೆ ತೊಳೆದು, ಒರೆಸಿ, ಸ್ವಚ್ಛವಾದ ಗಾಜ್ ಬಟ್ಟೆ ಮುಚ್ಚಿ. ಬಿಸಿನೀರಲ್ಲಿ ಕಾಲು ಇಡಿಸಬೇಡಿ. ಸುಡುವುದು ಅವರಿಗೆ ಗೊತ್ತಾಗದೇ ಇರಬಹುದು. ಬರಿಗಾಲಂತೂ ಬೇಡವೇ ಬೇಡ, ಮನೆಯೊಳಗೂ ಚಪ್ಪಲಿ ಹಾಕಲಿ. ಶುಗರ್ ಇರುವವರಿಗೆ ಎಂಸಿಆರ್ ಚಪ್ಪಲಿ ಅಂತ ಮೆತ್ತನೆಯವು ಸಿಗುತ್ತವೆ, ಡಾಕ್ಟರರನ್ನು ಕೇಳಿ. ಆದರೆ ಈಗಿನ ಗಾಯಕ್ಕೆ ಚಪ್ಪಲಿಯೊಂದೇ ಸಾಲದು. ಅದರ ಮೇಲೆ ಭಾರ ಬೀಳದಂತೆ ಡಾಕ್ಟರರು ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ.

ಗುಡಿಯ ವಿಷಯ ಸೂಕ್ಷ್ಮ, ನನಗೆ ಗೊತ್ತು. ನಮ್ಮ ಕಡೆ ಬನಶಂಕರಿಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದುಕೊಂಡೇ ಹೋಗುವವರು ಎಷ್ಟೋ ಜನ. ಯುಗಾದಿ ಹತ್ತಿರ ಬಂದರೆ ಶ್ರೀಶೈಲದ ದಾರಿ ತುಂಬಾ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಪಾದಯಾತ್ರಿಗಳು. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ 40 ಡಿಗ್ರಿ ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಸ್ಪರ್ಶ ಗೊತ್ತಾಗದ ಕಾಲಿಟ್ಟರೆ ಅಂಗಾಲು ಬೊಬ್ಬೆ ಬರುವ ತನಕ ತಿಳಿಯುವುದಿಲ್ಲ. ಗಾಯ ಮಾಯುವ ತನಕ ಅವರು ಮನೆಯ ದೇವರ ಜಗುಲಿ ಮುಂದೆಯೇ ಕೈಮುಗಿಯಲಿ. ಆಮೇಲೆ ಹೋದರೂ ತಂಪು ಹೊತ್ತಲ್ಲಿ, ದಪ್ಪನೆಯ ಕಾಲುಚೀಲ ಹಾಕಿಕೊಂಡು ಹೋಗಲಿ. ಇದನ್ನು ನೀವು ಹೇಳಿದರೆ ಕೇಳಲಿಕ್ಕಿಲ್ಲ. ಮಗ ಹೇಳಲಿ, ಇಲ್ಲವಾದರೆ ಡಾಕ್ಟರರ ಬಾಯಿಂದಲೇ ಹೇಳಿಸಿ.

ಈಗ ನಿಮ್ಮ ಬೆರಳು.

ಅಲ್ಲಾಡಿಸಲು ಬಂದರೆ ಎಲುಬು ಮುರಿದಿಲ್ಲ ಅನ್ನುವುದು ನಮ್ಮಲ್ಲಿ ಎಲ್ಲರೂ ನಂಬಿರುವ ಮಾತು. ಅದು ನಿಜವಲ್ಲ. ಬಿರುಕು ಬಿಟ್ಟ ಬೆರಳೂ ಅಲ್ಲಾಡುತ್ತದೆ, ಅದರ ಮೇಲೆ ನಡೆಯಲೂ ಬರುತ್ತದೆ. ನಿಮಗೂ ಸಣ್ಣ ಬಿರುಕು ಬಿಟ್ಟಿರಬಹುದು. ಹಾಗಿದ್ದರೂ ನೀವು ಮನೆಯಲ್ಲೇ ಇರಬಹುದು ಅಂತ ನಾನು ಹೇಳುವುದಕ್ಕೆ ಕಾರಣವಿದೆ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕರಲ್ಲಿ ಯಾವುದೇ ಬೆರಳಿನ ಎಲುಬು ಬಿರುಕು ಬಿಟ್ಟು, ಬೆರಳು ನೆಟ್ಟಗಿದ್ದು, ಚರ್ಮ ಹರಿಯದಿದ್ದರೆ, ಎಕ್ಸ್‌ರೇಯಲ್ಲಿ ಬಿರುಕು ಕಂಡರೂ ಕಾಣದಿದ್ದರೂ ಚಿಕಿತ್ಸೆ ಒಂದೇ. ಪಕ್ಕದ ಬೆರಳಿಗೆ ಜೋಡಿಸಿ ಕಟ್ಟುವುದು, ಕಾಯುವುದು.

ಮೊದಲು ಕಾಲುಂಗುರ ತೆಗೆಯಿರಿ. ಪೆಟ್ಟು ಯಾವ ಬೆರಳಿಗೇ ಆಗಿರಲಿ, ಊತ ಪಕ್ಕದ ಬೆರಳಿಗೂ ಹರಡುತ್ತದೆ. ಬಿಗಿಯಾದ ಉಂಗುರ ರಕ್ತ ಹೋಗದಂತೆ ಹಿಡಿದರೆ ಬೆರಳಿಗೇ ಅಪಾಯ. ಮುತ್ತೈದೆ ಕಾಲುಂಗುರ ತೆಗೆಯಬಾರದು ಅಂತ ಎಷ್ಟೋ ಹೆಣ್ಣುಮಕ್ಕಳು ಬೆರಳು ಕಪ್ಪಾಗುವ ತನಕ ಕಾಯುತ್ತಾರೆ, ನೋಡಿದರೆ ಸಂಕಟವಾಗುತ್ತದೆ. ಊತ ಇಳಿದ ಮೇಲೆ ಮತ್ತೆ ಹಾಕಿಕೊಳ್ಳಿ, ಯಾವ ದೋಷವೂ ಇಲ್ಲ. ಉಂಗುರ ಬರದಿದ್ದರೆ ಕಾಲನ್ನು ಸ್ವಲ್ಪ ಹೊತ್ತು ಎತ್ತರದಲ್ಲಿಟ್ಟು, ತಣ್ಣೀರಲ್ಲಿ ಅದ್ದಿ, ಸೋಪು ಸವರಿ ತಿರುಗಿಸುತ್ತಾ ತೆಗೆಯಿರಿ. ಆಗಲೂ ಬರದಿದ್ದರೆ ಅವತ್ತೇ ಕತ್ತರಿಸಿ ತೆಗೆಸಿ.

ಮೊದಲ ಎರಡು ದಿನ ತಂಪು. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ಐಸ್ ಇಲ್ಲದಿದ್ದರೆ ಗಡಿಗೆಯ ತಣ್ಣೀರಲ್ಲಿ ಅದ್ದಿದ ಬಟ್ಟೆಯೂ ಆದೀತು. ಬಿಸಿ ಕಾವು ಈಗ ಬೇಡ, ಊತ ಇನ್ನೂ ಜಾಸ್ತಿಯಾಗುತ್ತದೆ. ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಡಿ. ನೋವಿಗೆ ಪ್ಯಾರಾಸಿಟಮಾಲ್ 500 ಎಂಜಿ ಒಂದು ಮಾತ್ರೆ, ಬೇಕಾದರೆ ಆರು ಗಂಟೆ ಬಿಟ್ಟು ಇನ್ನೊಂದು. ಲಿವರ್ ತೊಂದರೆ ಇರುವವರು ಕೇಳದೆ ಅದನ್ನೂ ನುಂಗಬಾರದು. ಮೆಡಿಕಲ್ ಅಂಗಡಿಯಲ್ಲಿ ಬೇರೆ ಜೋರಿನ ನೋವಿನ ಮಾತ್ರೆ ಕೊಟ್ಟರೆ ಅದನ್ನು ಅತ್ತೆಯ ಕೈಗಂತೂ ಕೊಡಬೇಡಿ. ಬಹಳ ವರ್ಷದ ಶುಗರ್ ಇರುವವರ ಕಿಡ್ನಿಗೆ ಅವು ಒಳ್ಳೆಯದಲ್ಲ.

ಕಟ್ಟುವ ಕ್ರಮ ಹೀಗೆ. ಪೆಟ್ಟಾದ ಬೆರಳು, ಅದರ ಒಳಬದಿಯ ನಡುಬೆರಳು, ಈ ಎರಡರ ನಡುವೆ ಗಾಜ್ ಅಥವಾ ಹತ್ತಿ ಇಡಿ. ಇಡದಿದ್ದರೆ ಬೆವರಿಗೆ ಚರ್ಮ ಕೊಳೆಯುತ್ತದೆ. ಪೇಪರ್ ಟೇಪಿನಿಂದ ಎರಡನ್ನೂ ಸೇರಿಸಿ ಸುತ್ತಿ, ಬಿಗಿಯಬೇಡಿ. ಬೆರಳ ತುದಿ ಒತ್ತಿ ಬಿಟ್ಟಾಗ ಬಣ್ಣ ಬೇಗ ಮರಳಿ ಬರಬೇಕು. ಜುಮುಗುಟ್ಟಿದರೆ, ತಣ್ಣಗಾದರೆ ಕೂಡಲೇ ಬಿಚ್ಚಿ. ದಿನ ಬಿಟ್ಟು ದಿನ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕಟ್ಟಿ. ಎರಡರಿಂದ ನಾಲ್ಕು ವಾರ ಸಾಕು. ಶುಗರ್ ಇರುವವರು ಡಾಕ್ಟರರನ್ನು ಕೇಳದೆ ಹೀಗೆ ಕಟ್ಟಬಾರದು. ತಳ ಗಟ್ಟಿ ಇರುವ ಅಗಲ ಚಪ್ಪಲಿ ಹಾಕಿಕೊಂಡು ಓಡಾಡಿ. ಎಡವಿದ ಕಾಲೇ ಎಡವುತ್ತದೆ ಅಂತಾರಲ್ಲ, ಅದಕ್ಕೆ ಆ ಹೊಸ್ತಿಲ ಹತ್ತಿರ ರಾತ್ರಿ ಒಂದು ಚಾರ್ಜಿಂಗ್ ಲೈಟ್ ಇಡಿ.

ಎಣ್ಣೆ ಹಚ್ಚಿ ಎಳೆಯುವವರ ಹತ್ತಿರ ದಯವಿಟ್ಟು ಹೋಗಬೇಡಿ. ಈಗ ನೆಟ್ಟಗಿರುವ ಬಿರುಕು ಎಳೆತಕ್ಕೆ ಜರುಗುತ್ತದೆ. ತಾನಾಗಿ ಕೂಡಬೇಕಾದದ್ದು ಸೊಟ್ಟಗೆ ಕೂಡಿದರೆ ಮುಂದೆ ಚಪ್ಪಲಿ ಹಾಕಿದಾಗಲೆಲ್ಲ ನೋವು.

ಒಂದೆರಡು ವಾರದಲ್ಲಿ ನೋವು ಬಹಳ ಇಳಿಯುತ್ತದೆ. ಎಲುಬು ಪೂರ್ತಿ ಕೂಡಲು ನಾಲ್ಕರಿಂದ ಆರು ವಾರ ಬೇಕು. ವಾರ ಕಳೆದರೂ ನೋವು ಇದ್ದ ಹಾಗೇ ಇದ್ದರೆ ಆಗ ಎಕ್ಸ್‌ರೇಗೆ ಹೋಗಿ. ಬೆರಳು ಪಕ್ಕಕ್ಕೆ ವಾಲಿದರೆ, ತಿರುಚಿಕೊಂಡರೆ, ತಣ್ಣಗೆ ಬಿಳಿಚಿಕೊಂಡರೆ, ಮರಗಟ್ಟಿದರೆ ಒಂದು ದಿನವೂ ಕಾಯಬೇಡಿ. ನೋವು ಬೆರಳಲ್ಲಿ ಇರದೆ ಪಾದದ ನಡುವೆ ಅಥವಾ ಹೊರ ಅಂಚಿನಲ್ಲಿದ್ದರೆ, ನಾಲ್ಕು ಹೆಜ್ಜೆಯೂ ಇಡಲು ಆಗದಿದ್ದರೆ, ಅದು ಬೆರಳಿನ ಪೆಟ್ಟಲ್ಲ, ಪಾದದ್ದು. ಆಗಲೂ ಎಕ್ಸ್‌ರೇ ಬೇಕು. ಮಕ್ಕಳಿಗೆ ಇಷ್ಟು ಪೆಟ್ಟಾಗಿದ್ದರೆ ನಾನು ಮನೆಯಲ್ಲಿಟ್ಟುಕೊಳ್ಳಿ ಅಂತ ಹೇಳುತ್ತಿರಲಿಲ್ಲ. ಅದರಲ್ಲೂ ಮಗುವಿನ ಉಗುರಿನ ಬುಡದಿಂದ ರಕ್ತ ಬಂದಿದ್ದರೆ ಒಳಗೆ ಬೆಳೆಯುವ ಎಲುಬೇ ಮುರಿದಿರಬಹುದು. ಅದು ಹೊರಗಿನ ಕೊಳೆಗೆ ತೆರೆದುಕೊಂಡಿರುವ ಮುರಿತ, ಅವತ್ತೇ ತೋರಿಸಬೇಕು.

ಪ್ರಶ್ನೆ: ಸರ್, ನಾನು ಇಳಕಲ್‌ನಲ್ಲಿ ಗ್ರಾನೈಟ್ ಪಾಲಿಶ್ ಕೆಲಸ ಮಾಡುತ್ತೇನೆ, ವಯಸ್ಸು 27. ನಿನ್ನೆ ಸಂಜೆ ಕಲ್ಲಿನ ತುಂಡು ಹೆಬ್ಬೆರಳ ಮೇಲೆ ಬಿತ್ತು. ಉಗುರು ಪೂರ್ತಿ ಕಪ್ಪಾಗಿದೆ, ಪಕ್ಕದಲ್ಲಿ ಸ್ವಲ್ಪ ಸೀಳಿದೆ. ರಾತ್ರಿಯಿಡೀ ಡವಡವ ಅಂತ ಮಿಡಿಯುತ್ತಿತ್ತು, ನಿದ್ದೆ ಇಲ್ಲ. ಸೂಜಿ ಕಾಯಿಸಿ ಉಗುರಿಗೆ ತೂತು ಮಾಡಿದರೆ ರಕ್ತ ಹೋಗುತ್ತೆ ಅಂತಾನೆ ಗೆಳೆಯ. ಮಾಡಬಹುದಾ? ಟಿಟಿ ಸೂಜಿ ಬೇಕಾ?

ಉತ್ತರ: ಮನೆಯಲ್ಲಿ ಸೂಜಿ ಚುಚ್ಚಬೇಡಿ ತಮ್ಮಾ. ನಿಮ್ಮ ಗೆಳೆಯ ಹೇಳುವುದರಲ್ಲಿ ಅರ್ಧ ನಿಜವಿದೆ. ಉಗುರಿನ ಕೆಳಗೆ ಸಿಕ್ಕಿಕೊಂಡ ರಕ್ತವನ್ನು ತೂತು ಮಾಡಿ ಬಿಟ್ಟರೆ ನೋವು ಅಲ್ಲಿಯೇ ಇಳಿಯುತ್ತದೆ. ಅದನ್ನು ಡಾಕ್ಟರು ಸ್ವಚ್ಛ ಸಲಕರಣೆಯಲ್ಲಿ ಮಾಡಬೇಕು. ಕೆಳಗಿನ ಎಲುಬು ಮುರಿದಿದೆಯಾ ಅಂತಲೂ ಅವರು ನೋಡಬೇಕು. ಮುರಿದ ಎಲುಬಿನ ಮೇಲೆ ಕೊಳಕು ಸೂಜಿಯ ತೂತು ಅಂದರೆ ನಂಜು ನೇರ ಎಲುಬಿಗೆ ಇಳಿದ ಹಾಗೆ. ಒಂದೆರಡು ದಿನ ಕಳೆದರೆ ರಕ್ತ ಗಡ್ಡೆ ಕಟ್ಟುತ್ತದೆ, ಆಮೇಲೆ ತೂತು ಮಾಡಿದರೂ ಹೊರಗೆ ಬರುವುದಿಲ್ಲ. ಆದ್ದರಿಂದ ಇವತ್ತೇ ಹೋಗಿ.

ನಿಮ್ಮ ವಿಷಯದಲ್ಲಿ ಎಕ್ಸ್‌ರೇ ಬೇಕೇ ಬೇಕು. ಹೆಜ್ಜೆ ಇಡುವಾಗ ಮೈಭಾರವನ್ನು ಮುಂದಕ್ಕೆ ತಳ್ಳುವುದು ಹೆಬ್ಬೆರಳು. ಅದು ಸೊಟ್ಟಗೆ ಕೂಡಿದರೆ ನಡಿಗೆಯೇ ಕೆಡುತ್ತದೆ. ಭಾರ ಬಿದ್ದು ಜಜ್ಜಿದ ಪೆಟ್ಟು, ಜೊತೆಗೆ ಚರ್ಮ ಸೀಳಿದೆ. ದವಾಖಾನೆಗೆ ಹೊರಡುವ ಮುಂಚೆ ಸೀಳನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಐದು ನಿಮಿಷ ತೊಳೆಯಿರಿ, ಕಲ್ಲಿನ ಪುಡಿ ಉಳಿಯಬಾರದು. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ.

ಟಿಟಿ ವಿಷಯ. ಧನುರ್ವಾಯು ತುಕ್ಕಿನಿಂದ ಬರುತ್ತದೆ ಅಂತ ನಂಬಿದವರೇ ಜಾಸ್ತಿ. ಅದರ ರೋಗಾಣು ಇರುವುದು ಮಣ್ಣಲ್ಲಿ, ಸಗಣಿಯಲ್ಲಿ. ಮಣ್ಣು ಧೂಳು ಸೇರಿದ ಗಾಯ ಅಥವಾ ಜಜ್ಜಿದ ಗಾಯವಾದರೆ ಕೊನೆಯ ಸೂಜಿ ಆಗಿ 5 ವರ್ಷ ದಾಟಿದವರು ಮತ್ತೆ ಹಾಕಿಸಬೇಕು. ಸ್ವಚ್ಛವಾದ ಸಣ್ಣ ಗಾಯಕ್ಕೆ 10 ವರ್ಷ ದಾಟಿದ್ದರೆ ಮಾತ್ರ ಹಾಕಿಸಿದರೆ ಸಾಕು. ಶಾಲೆಯಲ್ಲಿ 16ನೇ ವಯಸ್ಸಿಗೆ ಹಾಕಿಸಿಕೊಂಡದ್ದೇ ಕೊನೆ ಅಂತಾದರೆ ನಿಮಗೆ ಈಗ ಬೇಕು. ಚಿಕ್ಕಂದಿನಿಂದ ಸರಿಯಾಗಿ ಹಾಕಿಸಿಯೇ ಇಲ್ಲ ಅಂತಾದರೆ ಅದನ್ನೂ ಹೇಳಿ, ಇನ್ನೊಂದು ಬೇರೆ ಸೂಜಿ ಬೇಕಾಗಬಹುದು. ಈಗ ಟಿಟಿಯ ಜಾಗದಲ್ಲಿ ಟಿಡಿ ಅಂತ ಕೊಡುತ್ತಾರೆ, ಗಂಟಲಮಾರಿಗೂ ಅದೇ ತಡೆ.

ಉಗುರು ಉದುರಬಹುದು, ಹೆದರಬೇಡಿ. ಕಾಲಿನ ಉಗುರು ತಿಂಗಳಿಗೆ ಒಂದೂವರೆ ಮಿಲಿಮೀಟರಿನಷ್ಟೇ ಬೆಳೆಯುತ್ತದೆ. ಹೆಬ್ಬೆರಳಿನದು ಪೂರ್ತಿ ಬರಲು ಒಂದರಿಂದ ಒಂದೂವರೆ ವರ್ಷ. ಪಾದದ ಮೇಲೆ ಕೆಂಪು ಹರಡಿದರೆ, ಕೀವು ಬಂದರೆ, ಕೆಂಪು ಗೆರೆ ಮೇಲಕ್ಕೆ ಏರಿದರೆ, ಜ್ವರ ಬಂದರೆ ಮತ್ತೆ ಹೋಗಿ ತೋರಿಸಿ. ಕಪ್ಪು ಕಲೆ ಉಗುರಿನ ಜೊತೆ ಮುಂದೆ ಮುಂದೆ ಸರಿಯಬೇಕು. ಸರಿಯದೆ ಅಲ್ಲೇ ನಿಂತರೆ ಚರ್ಮದ ಡಾಕ್ಟರಿಗೆ ತೋರಿಸಿ.

ಇಎಸ್‌ಐ ಕಾರ್ಡ್ ಇದ್ದರೆ ಇದು ಕೆಲಸದ ಜಾಗದಲ್ಲಿ ಆದ ಗಾಯ ಅಂತ ಮಾಲೀಕರಿಂದ ಇವತ್ತೇ ಬರೆಸಿ. ಕೆಲಸಕ್ಕೆ ಮರಳುವಾಗ ಮುಂದುಗಡೆ ಕಬ್ಬಿಣದ ಕವಚ ಇರುವ ಸೇಫ್ಟಿ ಶೂ ಕೇಳಿ ಪಡೆಯಿರಿ. ಕಲ್ಲಿನ ಕೆಲಸಕ್ಕೆ ಚಪ್ಪಲಿ ನಡೆಯುವುದಿಲ್ಲ.