ದೇವಿಮನೆ ಘಟ್ಟದಲ್ಲಿ ಗಾಜು ಮಸುಕಾಗುವುದಕ್ಕೆ

ಡಿಸೆಂಬರ್ ಬೆಳಗ್ಗೆ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ಕಾರಿನ ಮುಂದಿನ ಗಾಜು ಒಳಗಿನಿಂದ ಮಸುಕಾಗುತ್ತದೆ, ಚಳಿಯಲ್ಲೂ ಎಸಿ ಹಾಕಬೇಕಾ ಅಂತ ಕೇಳಿದ್ದೀರಿ. ಹಾಕಲೇಬೇಕು. ನಮ್ಮ ಉಸಿರಿನ ತೇವವೇ ತಣ್ಣಗಿನ ಗಾಜಿನ ಮೇಲೆ ಹನಿಯಾಗಿ ಕೂರುವುದು. ಎಸಿ ಆ ತೇವವನ್ನು ಹೀರುತ್ತದೆ. ಜೊತೆಗೆ ಬಿಸಿ ಗಾಳಿಯ ನಾಬ್ ತಿರುಗಿಸಿ, ಗಾಳಿಯನ್ನು ಗಾಜಿನ ಕಡೆ ಬಿಡಿ. ಆಗ ಚಳಿಯೂ ಆಗುವುದಿಲ್ಲ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಮಾತ್ರ ಆಫ್ ಇರಲಿ. ತುಂಬಾ ಜನ ತಪ್ಪು ಮಾಡುವುದು ಇಲ್ಲೇ.

ಕೈಯಿಂದ ಒರೆಸಬೇಡಿ. ಬೆರಳಿನ ಜಿಡ್ಡು ಉಳಿದು, ಎದುರಿನ ಲಾರಿಯ ಲೈಟ್ ಬಿದ್ದಾಗ ಗಾಜೆಲ್ಲ ಗೆರೆ ಗೆರೆ ಕಾಣುತ್ತದೆ. ಒಂದು ತಿರುವಿನಲ್ಲಿ ಹಾಗಾಗಿ ನನಗೆ ಜೀವವೇ ಬಾಯಿಗೆ ಬಂದಿತ್ತು. ಒದ್ದೆ ಮ್ಯಾಟ್ ಇದ್ದರೆ ಹಿಂದಿನ ರಾತ್ರಿಯೇ ಹೊರಗೆ ತೆಗೆದಿಡಿ. ಮಂಜಿನಲ್ಲಿ ಹೈ ಬೀಮ್ ಬೇಡ, ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ.